ಗಾಳಿ ಎಳೀತಾ ಇದೆ

ಶನಿವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದರೆ ಈಜುಕೊಳದ ಯಂತ್ರದ ಪೆಟ್ಟಿಗೆಯ ಮೇಲೆ ಮತ್ತೆ ಆ ಕೆಂಪು ದೀಪ. ಅದರ ಪಕ್ಕದಲ್ಲಿ ಒಂದೇ ಪದ: ಫ್ಲೋ, ಅಂದರೆ ಹರಿವು. ನೀರು ಸಾಲುತ್ತಿಲ್ಲ ಅಂತ ಅದರ ತಕರಾರು. ಇಷ್ಟು ದೊಡ್ಡ ಕೊಳ ಕಣ್ಣೆದುರೇ ತುಂಬಿ ನಿಂತಿದೆ, ಇದಕ್ಕೆ ನೀರು ಸಾಲದಂತೆ!

ನನಗೆ ಈಜು ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅರಿಝೋನಾದ ಚಾಂಡ್ಲರ್‌ನಲ್ಲಿ ಈ ಮನೆ ನೋಡಲು ಬಂದಾಗ ಹಿತ್ತಲಲ್ಲಿ ಈಜುಕೊಳ ಇತ್ತು, ಮಕ್ಕಳು ಕುಣಿದರು, ನಾನು ಸಹಿ ಹಾಕಿದೆ. ಮಕ್ಕಳು ಈಗ ಕಾಲೇಜು ಅಂತ ಬೇರೆ ಊರು ಸೇರಿದ್ದಾರೆ. ಕೊಳ ಮಾತ್ರ ಇಲ್ಲೇ ಇದೆ. ಬಂದ ನೆಂಟರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ‘ನಿಮಗೇನಪ್ಪಾ, ಪುಣ್ಯವಂತರು’ ಅನ್ನುತ್ತಾರೆ. ಒಬ್ಬರೂ ನೀರಿಗಿಳಿಯುವುದಿಲ್ಲ. ಒಬ್ಬರೂ ಇಲ್ಲಿಯವರೆಗೆ ಒಂದೇ ಒಂದು ಎಲೆ ಎತ್ತಿ ಆಚೆ ಹಾಕಿಲ್ಲ.

ತೀರ್ಥಹಳ್ಳಿಯಿಂದ ಬಂದಿರುವ ಅಮ್ಮ ಮಾತ್ರ ಮೊದಲ ದಿನವೇ ಕೊಳದ ಅಂಚಿನಲ್ಲಿ ಕೂತು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಉಪ್ಪಿನ ಕೊಳ ಅಂತ ನಾನೇ ಜಂಬದಿಂದ ಹೇಳಿದ್ದೆ. ‘ಎಂತದೋ ಇದು, ಗಂಜಿಗೆ ಹಾಕೋವಷ್ಟೂ ಇಲ್ಲ. ಸಪ್ಪೆ.’ ಲೀಟರಿಗೆ ಸುಮಾರು 3 ಗ್ರಾಂ ಸಾಕಮ್ಮಾ, ಸಮುದ್ರದಲ್ಲಿ ಅದರ ಹತ್ತರಷ್ಟು ಇರುತ್ತೆ, ಇದು ರುಚಿಗಲ್ಲ, ನೀರು ಕೆಡದ ಹಾಗೆ ಆ ಯಂತ್ರ ಉಪ್ಪಿನಿಂದ ಕ್ಲೋರಿನ್ ಮಾಡೋಕೆ ಅಂದೆ. ಅಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಅಷ್ಟೇ.

ಇಲ್ಲಿ ನಲ್ಲಿಗೆ ಬರುವ ನೀರಿನಲ್ಲಿ ಒಂದು ಪಾಲು ‘ಸಾಲ್ಟ್ ರಿವರ್’ ಅನ್ನೋ ನದಿಯದು. ಉಪ್ಪು ಅಂತಲೇ ಹೆಸರಿಟ್ಟುಕೊಂಡ ಹೊಳೆಯ ನೀರಿಗೆ 40 ಪೌಂಡಿನ ಚೀಲ ಚೀಲ ಉಪ್ಪು ಹೊತ್ತು ಸುರಿದಿದ್ದೇನೆ, ಸೊಂಟ ಹಿಡಿಸಿಕೊಂಡು. ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ. ನೀರಿಗೇ ಉಪ್ಪು ತಿನ್ನಿಸಿದವನು ಏನು ಮಾಡಬೇಕೋ ಯಾರೂ ಹೇಳಿಲ್ಲ.

ಇರಲಿ, ಕೆಂಪು ದೀಪ. ಏಪ್ರಿಲ್ ಕೊನೆ. ಪಕ್ಕದ ಮನೆಯ ಪಾಲೊವರ್ಡೆ ಮರ ಹಳದಿ ಹೂವನ್ನೆಲ್ಲ ನಮ್ಮ ಕಡೆಗೇ ಉದುರಿಸುವ ಕಾಲ. ಕೊಳದ ಅಂಚಿನಲ್ಲಿ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರಿನ ಬುಟ್ಟಿ ಎತ್ತಿದರೆ ಒದ್ದೆ ಹೂವು ಹಿಸುಕಿದ ಚಿತ್ರಾನ್ನದ ಹಾಗೆ ಮೆತ್ತಿಕೊಂಡಿತ್ತು. ತೆಗೆದೆ. ಪಂಪಿನ ಬುಟ್ಟಿಯಲ್ಲೂ ಅದೇ. ತೆಗೆದೆ. ದೀಪ ಕೆಂಪೇ.

ಫಿಲ್ಟರ್ ಮೇಲಿನ ಪ್ರೆಶರ್ ಮೀಟರ್ ನೋಡಿದೆ. ಮುಳ್ಳು 15ರಲ್ಲಿ ಇತ್ತು. ಜಾಸ್ತಿಯಾದರೆ ಫಿಲ್ಟರ್ ಕಟ್ಟಿಕೊಂಡಿದೆ, ಕಡಿಮೆಯಾದರೆ ಪಂಪಿಗೇ ನೀರು ಬರ್ತಿಲ್ಲ ಅಂತ ಲೆಕ್ಕ. 15 ಎಂದರೆ ಎಲ್ಲ ಸರಿ. ಆಮೇಲೆ ಮೋಟಾರ್ ಆಫ್ ಮಾಡಿದೆ. ಮುಳ್ಳು 15ರಲ್ಲೇ ಇತ್ತು. ಗಾಜಿನ ಮೇಲೆ ಬೆರಳಿಂದ ಹೊಡೆದೆ. ಆಗಲೂ 15. ಯಾವಾಗ ಸತ್ತಿತ್ತೋ ಏನೋ, ನಾನು ಎರಡು ವರ್ಷದಿಂದ ದಿನಾ ಬೆಳಗ್ಗೆ ಅದರ ಮುಖ ನೋಡಿ ‘ಎಲ್ಲ ಸರಿ ಇದೆ’ ಅಂತ ಒಳಗೆ ಹೋಗುತ್ತಿದ್ದೆ.

ರಿಪೇರಿಯವನಿಗೆ ಫೋನ್ ಮಾಡಿದೆ. ಅವನು ನೋಡದೆಯೇ ‘ಸೆಲ್ ಬದಲಾಯಿಸಬೇಕು’ ಅಂದ. ಹೋದ ಸಲವೂ ಹಾಗೇ ಅಂದಿದ್ದ. ಸೆಲ್ ಅನ್ನೋದು, ಅಂದರೆ ಉಪ್ಪುನೀರಿನಿಂದ ಕ್ಲೋರಿನ್ ಮಾಡುವ ಭಾಗ, ಇಡೀ ಯಂತ್ರದಲ್ಲಿ ಅತಿ ದುಬಾರಿ ಸಾಮಾನು ಅನ್ನುವುದು ಬರೀ ಕಾಕತಾಳೀಯ ಇರಬೇಕು.

ಅಷ್ಟರಲ್ಲಿ ಅಮ್ಮ ಹಿಂದೆ ಬಂದು ನಿಂತಿದ್ದರು. ಪಂಪಿನ ಸದ್ದು ಕೇಳಿ ಅಂದರು: ‘ಗಾಳಿ ಎಳೀತಾ ಇದೆ ಅಲ್ವನಾ? ನಿನ್ನ ದೊಡ್ಡಪ್ಪನ ಪಂಪೂ ಹೀಗೇ ಕೂಗ್ತಿತ್ತು.’

ದೊಡ್ಡಪ್ಪನ ಪಂಪು ಹೊಳೆ ದಂಡೆಯ ತಗಡಿನ ಶೆಡ್ಡಿನಲ್ಲಿತ್ತು. ತ್ರೀ ಫೇಸ್ ಕರೆಂಟು ಬರುತ್ತಿದ್ದುದು ರಾತ್ರಿ ಎರಡಕ್ಕೆ. ದೊಡ್ಡಪ್ಪ ಬ್ಯಾಟರಿ ಹಿಡಿದು ಮುಂದೆ, ನಾನು ನೀರಿನ ಕೊಡಪಾನ ಹೊತ್ತು ಹಿಂದೆ. ಸ್ವಿಚ್ ಹಾಕಿದರೆ ಪಂಪು ಒಣ ಗಂಟಲಲ್ಲಿ ಭರ್ರ್ ಅನ್ನುತ್ತಿತ್ತು. ಹೊಳೆಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯಬೇಕಾದ ಫುಟ್‌ವಾಲ್ವ್ ಸೋರಿ ಪೈಪಿನ ನೀರೆಲ್ಲ ಇಳಿದುಹೋಗಿರುತ್ತಿತ್ತು. ಆಫ್ ಮಾಡಿ, ಮೇಲಿನ ನಟ್ಟು ಬಿಚ್ಚಿ, ಚೊಂಬಿನಲ್ಲಿ ನೀರು ಸುರಿಯಬೇಕು. ಒಂದು ಚೊಂಬು, ಹತ್ತು ಚೊಂಬು, ಇಪ್ಪತ್ತು. ಗುಳುಗುಳು ಅಂತ ಗುಳ್ಳೆ ಬಂದು ನೀರು ಬಾಯಿಗೆ ನಿಂತರೆ ಗೆದ್ದಂತೆ. ನಿಲ್ಲದಿದ್ದರೆ ಸಗಣಿ. ಸಗಣಿಯನ್ನು ನೀರಿನಲ್ಲಿ ಕದಡಿ ಸುರಿದರೆ ಅದರ ನಾರು ವಾಲ್ವಿನ ಸಂದಿಯಲ್ಲಿ ಕೂತು ಸೋರಿಕೆ ನಿಲ್ಲುತ್ತಿತ್ತು. ಜಾಯಿಂಟಿಗೆಲ್ಲ ಸೈಕಲ್ ಟ್ಯೂಬಿನ ಪಟ್ಟಿ. ಅಷ್ಟು ಹೊತ್ತೂ ದೊಡ್ಡಪ್ಪ ಪಂಪನ್ನು ಬಯ್ಯುತ್ತಲೇ ಇರುತ್ತಿದ್ದರು, ಮನೆಯ ಹಟಮಾರಿ ಎಮ್ಮೆಯನ್ನು ಬಯ್ದ ಹಾಗೆ, ಹೆಸರು ಹಿಡಿದು. ಕೊನೆಗೆ ತೋಟದ ಕಾಲುವೆಯಲ್ಲಿ ನೀರು ದಬದಬ ಬಿದ್ದ ಐದು ನಿಮಿಷಕ್ಕೆ ಕರೆಂಟು ಹೋಗುತ್ತಿತ್ತು. ಆಗ ಅವರು ಬಯ್ಯುತ್ತಿರಲಿಲ್ಲ. ಬೀಡಿ ಹಚ್ಚುತ್ತಿದ್ದರು.

‘ಸಗಣಿ ಸಿಗಲ್ವಾ ಇಲ್ಲಿ?’ ಅಮ್ಮ ಕೇಳಿದರು. ಇಂಡಿಯನ್ ಅಂಗಡಿಯಲ್ಲಿ ಹೋಮಕ್ಕೆ ಅಂತ ಬೆರಣಿ ಸಿಗುತ್ತೆ, ಪ್ಲಾಸ್ಟಿಕ್ ಸುತ್ತಿ. ಒಂದು ಕ್ಷಣ ನಾನೂ ಯೋಚಿಸಿದೆ.

ಆದರೆ ಅಮ್ಮ ಹೇಳಿದ್ದು ಸರಿ ಇತ್ತು. ಪಂಪಿನ ಪಾರದರ್ಶಕ ಮುಚ್ಚಳದ ಕೆಳಗೆ ಗುಳ್ಳೆ ಕುಣಿಯುತ್ತಿತ್ತು. ಮುಚ್ಚಳದ ರಬ್ಬರ್ ರಿಂಗು ತೆಗೆದು ಒರೆಸಿ ಗ್ರೀಸು ಹಚ್ಚಿ ಕೂರಿಸಿದೆ. ಕೊಳದ ಕಡೆ ನೋಡಿದರೆ ನೀರು ಸ್ಕಿಮ್ಮರಿನ ಬಾಯಿಂದ ಕೆಳಗೆ ಇಳಿದಿತ್ತು. ಈ ಬಿಸಿಲಿಗೆ ದಿನಕ್ಕೆ ಕಾಲು ಇಂಚು ಹಾರಿಹೋಗುತ್ತದೆ, ನಾನು ವಾರದಿಂದ ಆ ಕಡೆ ನೋಡಿರಲಿಲ್ಲ. ತೋಟದ ಪೈಪು ಕೊಳಕ್ಕೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು. ರಿಂಗಿನಿಂದಲೋ, ನೀರಿನಿಂದಲೋ, ಹೂವು ತೆಗೆದದ್ದರಿಂದಲೋ ಗೊತ್ತಿಲ್ಲ. ಇಷ್ಟೆಲ್ಲ ಪರದಾಡಿದ ಮೇಲೆ ಒಂದು ದೊಡ್ಡ ವಿಚಾರ ನನಗೆ ಹೊಳೆದಿತ್ತು, ನೀರಿನ ಬಗ್ಗೆ, ಹರಿಯುವುದರ ಬಗ್ಗೆ. ಅದನ್ನೇ ಬರೆಯೋಣ ಅಂತ ಕೂತಿದ್ದು.

ಆದರೆ ಆ ದಿನ ಸಂಜೆ ಅಮ್ಮನ ಜೊತೆ ದೊಡ್ಡಪ್ಪನ ಕತೆಗೆ ಕೂತವನು ಪೈಪು ಮರೆತೇಬಿಟ್ಟೆ. ರಾತ್ರಿಯಿಡೀ ಹರಿದಿದೆ. ಬೆಳಗ್ಗೆ ಕೊಳ ತುಂಬಿ ತುಳುಕಿ, ಹಿತ್ತಲಿನ ಜಲ್ಲಿಯೆಲ್ಲ ಒದ್ದೆ. ನಾನು ಸೊಂಟ ಮುರಿದು ಹಾಕಿದ ಉಪ್ಪಿನಲ್ಲಿ ಅರ್ಧ ಪಕ್ಕದ ಮನೆಯ ಪಾಲೊವರ್ಡೆಯ ಬುಡಕ್ಕೆ ಹೋಗಿರಬೇಕು. ಬೇಕಾಗಿತ್ತು ಅದಕ್ಕೆ.

ಪೆಟ್ಟಿಗೆಯ ಮೇಲೆ ಫ್ಲೋ ದೀಪ ಹಸಿರಾಗಿಯೇ ಇತ್ತು. ಅದರ ಪಕ್ಕದ್ದು ಕೆಂಪಾಗಿತ್ತು. ‘ಇದೆಂತದು?’ ಅಂದರು ಅಮ್ಮ.

‘ಉಪ್ಪು ಕಡಿಮೆ ಅಂತೆ.’

‘ನಾನು ಅವತ್ತೇ ಹೇಳ್ಲಿಲ್ವನಾ’ ಅನ್ನುತ್ತಾ ಒಳಗೆ ಹೋದರು.