ನಡುವೆ ಒಂದು ಪುಸ್ತಕವಿದ್ದರೆ

ಕಳೆದ ನವೆಂಬರಿನ ಒಂದು ಶುಕ್ರವಾರ ಪಕ್ಕದ ಮನೆಯ ಯಹೂದಿ ಮಿತ್ರರನ್ನು ಕಾರಿನಲ್ಲಿ ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಗೆ ಹೊರಟೆ. ಅವರಿಗೆ ಕಣ್ಣಿನ ಪೊರೆ ತೆಗೆಸಿ ವಾರವೂ ಆಗಿರಲಿಲ್ಲ, ಕಾರು ಓಡಿಸುವಂತಿರಲಿಲ್ಲ. ಊಟ ಮುಗಿಸಿ ನಿಧಾನವಾಗಿ ಹೋಗೋಣ ಎಂದರೆ ಒಪ್ಪಲಿಲ್ಲ. ನವೆಂಬರಿನಲ್ಲಿ ಅಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಶುಕ್ರವಾರ ಸಂಜೆ ಶುರುವಾಗುವ ಯಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್ತಿನ ದೀಪವನ್ನು ಅದಕ್ಕೂ 18 ನಿಮಿಷ ಮೊದಲು ಹಚ್ಚಬೇಕು. ರಾಹುಕಾಲ ತಪ್ಪಿಸಲು ಅವಸರಿಸುತ್ತಿದ್ದ ನಮ್ಮ ಸೋದರಮಾವ ನೆನಪಾದರು.

ಅವರು ಹೊರಟಿದ್ದದ್ದು ಯಹೂದಿ ಗಂಡಸರ ವಾರಾಂತ್ಯದ ಶಿಬಿರಕ್ಕೆ. ಕೇಳಿದಾಗ ನನಗೆ ನಗು ಬಂದಿತ್ತು. ಸಾವಿರಾರು ವರ್ಷ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರವೇ ಗಂಡಸರದ್ದಾಗಿತ್ತಲ್ಲ, ಈಗ ಪ್ರತ್ಯೇಕ ಶಿಬಿರ ಯಾಕೆ? ದಾರಿಯಲ್ಲಿ ಕೇಳಿಯೇಬಿಟ್ಟೆ. ಅವರು ಕನ್ಸರ್ವೇಟಿವ್ ಪಂಥದವರು. ಹೆಸರು ಹಾಗಿದ್ದರೂ ಅದು ನಡುದಾರಿಯವರ ಪಂಥ. ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಮಂದಿಯಲ್ಲಿ ಹೆಂಗಸರನ್ನೂ ಎಣಿಸಬಹುದು ಎಂದು ಅವರಲ್ಲಿ 1973ರಲ್ಲೇ ತೀರ್ಮಾನವಾಯಿತು. 1985ರಲ್ಲಿ ಮೊದಲ ಮಹಿಳಾ ರಬ್ಬಿಯೂ, ಅಂದರೆ ಧರ್ಮಗುರುವೂ, ಬಂದರು. ‘ಈಗ ನಮ್ಮ ಸಿನಗಾಗನ್ನು ನಡೆಸುವವರೇ ಹೆಂಗಸರು. ಅವರಿಗೆ ಅರ್ಧ ಜಾಗ ಬಿಡಿ ಎಂದರೆ ನಾವು ಪೂರ್ತಿ ಬಿಟ್ಟು ಎದ್ದು ಬಂದೆವು’ ಎಂದರು. ಅವರ ಪಂಥದ ಗಂಡಸರ ಕೂಟಗಳ ಒಕ್ಕೂಟ 1929ರಿಂದಲೂ ಇದೆಯಂತೆ. ಆದರೆ ಅವರು ಅಂಥ ಯಾವುದಕ್ಕೂ ಹಿಂದೆ ಹೋದವರಲ್ಲ.

ಬೆಟ್ಟ ಹತ್ತುತ್ತಿದ್ದಂತೆ ಪಾಳುಬಿದ್ದ ಒಂದು ಹೋಟೆಲನ್ನು ತೋರಿಸಿದರು. ಯಹೂದಿಗಳಿಗೆ ಕೊಠಡಿ ಇಲ್ಲ ಎನ್ನುವ ಹೋಟೆಲುಗಳು ಅಮೆರಿಕದಲ್ಲಿದ್ದ ಕಾಲದಲ್ಲಿ ನ್ಯೂಯಾರ್ಕಿನ ಯಹೂದಿಗಳು ಬೇಸಿಗೆ ಕಳೆಯಲು ಇಲ್ಲಿಗೆ ಬರುತ್ತಿದ್ದರು. ಹೆಂಡತಿ ಮಕ್ಕಳು ಇಡೀ ಬೇಸಿಗೆ ಇಲ್ಲಿರುವುದು, ಗಂಡಸರು ವಾರವಿಡೀ ನಗರದಲ್ಲಿ ದುಡಿದು ಶುಕ್ರವಾರ ಬಂದು ಸೇರುವುದು. ‘ನನ್ನ ತಂದೆಯೂ ಹಾಗೆ ಬರುತ್ತಿದ್ದರು’ ಎಂದು ಸುಮ್ಮನಾದರು.

ಆ ತಂದೆ ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ತಂದೆತಾಯಿ ಸತ್ತರೆ ಹನ್ನೊಂದು ತಿಂಗಳು ಕದ್ದಿಷ್ ಎಂಬ ಪ್ರಾರ್ಥನೆ ಹೇಳಬೇಕು. ಅದು ಅರಾಮಿಕ್ ಭಾಷೆಯಲ್ಲಿದೆ. ಸತ್ತವರಿಗಾಗಿ ಹೇಳುವ ಅದರಲ್ಲಿ ಸಾವು ಎಂಬ ಶಬ್ದವೇ ಇಲ್ಲ, ಇರುವುದೆಲ್ಲ ದೇವರ ಸ್ತುತಿ. ಒಬ್ಬರೇ ಕುಳಿತು ಹೇಳುವಂತಿಲ್ಲ, ಹತ್ತು ಜನ ಇರಲೇಬೇಕು. ನಾನು ನನ್ನ ಅಪ್ಪನ ಹದಿಮೂರು ದಿನ ಮುಗಿಸಿ, ವೈಕುಂಠ ಸಮಾರಾಧನೆಯ ಹೋಳಿಗೆ ಉಂಡು, ಹದಿನೈದನೆಯ ದಿನ ವಿಮಾನ ಹತ್ತಿದವನು. ಸೋಮವಾರ ಕಚೇರಿಯಲ್ಲಿದ್ದೆ. ಮಂತ್ರವನ್ನು ಪುರೋಹಿತರು ಹೇಳಿಕೊಟ್ಟಿದ್ದರು, ಅಡುಗೆಯವರು ಬಡಿಸಿದ್ದರು, ಖರ್ಚು ಅಣ್ಣ ನೋಡಿಕೊಂಡಿದ್ದ. ನಾನು ಒಬ್ಬರೊಡನೆಯೂ ಅಪ್ಪನ ಮಾತು ಆಡಿರಲಿಲ್ಲ.

ಭಾನುವಾರ ಮರಳಿ ಕರೆತರಲು ಹೋದಾಗ ಬೆಳಗಿನ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಪ್ರಾರ್ಥನೆಯ ವೇಳೆ ಎಡಗೈಗೆ ಚರ್ಮದ ಪಟ್ಟಿ ಬಿಗಿಯಾಗಿ ಸುತ್ತಿಕೊಂಡ ಗೆರೆಗಳು ಅವರ ತೋಳಿನಲ್ಲಿ ಇನ್ನೂ ಮಾಸಿರಲಿಲ್ಲ. ನಲವತ್ತೋ ಐವತ್ತೋ ಗಂಡಸರು ಕಾಫಿ ಹಿಡಿದು ದೊಡ್ಡ ದನಿಯಲ್ಲಿ ವಾದಿಸುತ್ತಿದ್ದರು. ಧ್ಯಾನ, ಮೌನ, ಮೆಲುದನಿ ಎಂದೆಲ್ಲ ಕಲ್ಪಿಸಿಕೊಂಡು ಬಂದಿದ್ದ ನನಗೆ ಅದು ನಮ್ಮೂರಿನ ಸೊಸೈಟಿಯ ವಾರ್ಷಿಕ ಸಭೆಯಂತೆ ಕಂಡಿತು.

ದಾರಿಯಲ್ಲಿ ಕಥೆ ಬಿಚ್ಚಿಕೊಂಡಿತು. ಶನಿವಾರ ಮಧ್ಯಾಹ್ನ ಎಲ್ಲರನ್ನೂ ಇಬ್ಬಿಬ್ಬರಾಗಿ ಕೂರಿಸಿ ಕೈಗೆ ಯಹೂದಿ ಪಂಡಿತರ ಪುರಾತನ ಧರ್ಮಚರ್ಚೆಗಳ ಗ್ರಂಥವಾದ ಟಾಲ್ಮುಡ್‌ನ ಒಂದು ಪುಟ ಕೊಟ್ಟರಂತೆ. ಹೀಗೆ ಜೋಡಿಯಾಗಿ ಓದಿ ಜಗಳವಾಡುವುದಕ್ಕೆ ಹವ್ರೂತಾ ಎನ್ನುತ್ತಾರೆ. ಆ ಪುಟದಲ್ಲಿದ್ದದ್ದು ರಬ್ಬಿ ಯೋಹಾನಾನ್ ಮತ್ತು ರೇಶ್ ಲಾಕಿಶ್ ಕಥೆ. ಲಾಕಿಶ್ ಮೊದಲು ದರೋಡೆಕೋರ. ಯೋಹಾನಾನ್ ಅವನನ್ನು ವಿದ್ಯೆಗೆ ಎಳೆದು ತಂದು, ತಂಗಿಯನ್ನು ಕೊಟ್ಟು ಮದುವೆ ಮಾಡಿ, ಸಮಾನ ಪಂಡಿತನನ್ನಾಗಿ ಮಾಡಿದ. ಒಂದು ದಿನ ಕತ್ತಿ, ಚೂರಿಗಳ ವಿಷಯದ ಚರ್ಚೆಯಲ್ಲಿ ‘ದರೋಡೆಕೋರನಿಗೆ ಅವನ ಕಸುಬು ಗೊತ್ತಿರುತ್ತದೆ’ ಎಂದು ಚುಚ್ಚಿದ. ಮಾತು ಬೆಳೆಯಿತು. ಲಾಕಿಶ್ ಹಾಸಿಗೆ ಹಿಡಿದ. ಅವನ ಹೆಂಡತಿ ಬಂದು ಅತ್ತರೂ ಅಣ್ಣ ಕರಗಲಿಲ್ಲ. ಲಾಕಿಶ್ ಸತ್ತ ಮೇಲೆ ಯೋಹಾನಾನ್‌ಗೆ ಸಮಾಧಾನವಾಗಲೆಂದು ಬೇರೊಬ್ಬ ಜಾಣನನ್ನು ಜೊತೆಗೆ ಕೂರಿಸಿದರು. ಅವನು ಪ್ರತಿಯೊಂದು ಮಾತಿಗೂ ‘ನೀವು ಹೇಳಿದ್ದಕ್ಕೆ ಆಧಾರವಿದೆ’ ಎನ್ನುತ್ತಿದ್ದ. ಯೋಹಾನಾನ್ ಸಿಡಿದ: ನಾನು ಸರಿ ಎಂದು ನನಗೆ ಗೊತ್ತಿಲ್ಲವೇ? ಲಾಕಿಶ್ ಇದ್ದಿದ್ದರೆ ಇಪ್ಪತ್ತನಾಲ್ಕು ಆಕ್ಷೇಪ ಎತ್ತುತ್ತಿದ್ದ, ನಾನು ಇಪ್ಪತ್ತನಾಲ್ಕು ಉತ್ತರ ಕೊಡುತ್ತಿದ್ದೆ. ಕೊನೆಗೆ ಬಟ್ಟೆ ಹರಿದುಕೊಂಡು ‘ಎಲ್ಲಿದ್ದೀಯ, ಲಾಕಿಶ್’ ಎಂದು ಕೂಗುತ್ತ ಹುಚ್ಚನಾದ.

ಮಿತ್ರರಿಗೆ ಜೋಡಿಯಾಗಿದ್ದವನು ಅದುವರೆಗೆ ಮುಖಪರಿಚಯವೂ ಇಲ್ಲದ ಒಬ್ಬ ಎಲೆಕ್ಟ್ರಿಷಿಯನ್. ತಪ್ಪು ಯಾರದು ಎಂದು ಇಬ್ಬರೂ ಒಂದು ಗಂಟೆ ಕಿತ್ತಾಡಿದರು. ಯೋಹಾನಾನ್ ಮಾಡಿದ್ದು ಸರಿ ಎಂದು ಅವನು ಪಟ್ಟು ಹಿಡಿದಿದ್ದ. ಆಮೇಲೆ ಇದ್ದಕ್ಕಿದ್ದಂತೆ, ತಾನು ಸ್ವಂತ ಅಣ್ಣನೊಡನೆ ಮಾತು ಬಿಟ್ಟು ಒಂಬತ್ತು ವರ್ಷವಾಯಿತು ಎಂದನಂತೆ. ‘ನಾನು ಏನೂ ಕೇಳಿರಲಿಲ್ಲ’ ಎಂದರು ಮಿತ್ರರು.

ನನ್ನ ನಗು ನಿಂತದ್ದು ಅಲ್ಲಿ. ಈಚೆಗೆ ಗಂಡಸರಿಗೆಂದು ನಡೆಯುವ ದುಬಾರಿ ಶಿಬಿರಗಳಿವೆ, ಮಂಜುನೀರಿನಲ್ಲಿ ಮುಳುಗಿಸಿ ಮನಸ್ಸು ತೆರೆಯಿರಿ ಎನ್ನುವಂಥವು. ಎದುರುಬದುರು ಕೂರಿಸಿ ‘ನಿಮಗೆ ಏನನ್ನಿಸುತ್ತದೆ’ ಎಂದರೆ ನನ್ನಂಥವನ ಬಾಯಿಗೆ ಬೀಗ ಬೀಳುತ್ತದೆ. ನಡುವೆ ಒಂದು ಪುಸ್ತಕವಿರಬೇಕು, ಜಗಳಕ್ಕೆ ಬೇರೆ ಯಾರದೋ ಕಥೆ ಇರಬೇಕು. ಶಿರಸಿ ಕಡೆಯ ನಮ್ಮ ಊರಿನ ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುತ್ತ ಗಂಟಲು ಕಟ್ಟುತ್ತಿದ್ದ ತೋಟದ ಯಜಮಾನರೊಬ್ಬರು ಮನೆಯಲ್ಲಿ ಮಕ್ಕಳೊಡನೆ ಅಡಿಕೆ ಧಾರಣೆ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮನೆಗೆ ಬಂದು ಇದನ್ನೆಲ್ಲ ಉತ್ಸಾಹದಿಂದ ಹೇಳಿದರೆ ನನ್ನ ಹೆಂಡತಿ, ದುಃಖ ಹೇಳಿಕೊಳ್ಳಲು ಹೆಂಗಸರಿಗೂ ಒಂದು ಬೆಟ್ಟ ಬೇಡವೇ ಎಂದಳು. ಅವಳ ಮಾತಿನಲ್ಲಿ ಹುರುಳಿದೆ. ಅಮೆರಿಕದ ಯಹೂದಿ ಹೆಂಗಸರ ಹದಸ್ಸಾ ಸಂಸ್ಥೆಯನ್ನು ಕಟ್ಟಿದ ಹೆನ್ರಿಯೆಟಾ ಸೋಲ್ಡ್ ಅವರ ತಂದೆತಾಯಿಗೆ ಎಂಟು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. 1916ರಲ್ಲಿ ತಾಯಿ ತೀರಿಕೊಂಡಾಗ ಕುಟುಂಬದ ಗೆಳೆಯರೊಬ್ಬರು ‘ನಿಮ್ಮ ಪರವಾಗಿ ನಾನು ಕದ್ದಿಷ್ ಹೇಳುತ್ತೇನೆ’ ಎಂದರು. ಸೋಲ್ಡ್ ಕೃತಜ್ಞತೆ ಹೇಳಿ, ಆದರೆ ಒಪ್ಪದೆ ಪತ್ರ ಬರೆದರು. ಅದು ತಮ್ಮದೇ ಕರ್ತವ್ಯ ಎಂಬುದು ಅವರ ನಿಲುವು. ಗಂಡಸರಷ್ಟೇ ಸೇರುವ ಕೋಣೆಯ ಹಿಂದೆ ಈ ಚರಿತ್ರೆಯೂ ನಿಂತಿದೆ. ಅದನ್ನು ಮರೆತು ಶಿಬಿರವನ್ನು ಹೊಗಳಲು ನನಗೂ ಮನಸ್ಸಿಲ್ಲ.

ಮರುದಿನ ಬೇಲಿಯ ಬಳಿ ಸಿಕ್ಕ ಮಿತ್ರರಿಗೆ ಹೆಂಡತಿಯ ಮಾತನ್ನು ತಲುಪಿಸಿದೆ. ಅವರು ನಕ್ಕರು. ತಾವು ಬೆಟ್ಟದ ಮೇಲಿದ್ದ ಆ ಶನಿವಾರ ಊರಿನ ಸಿನಗಾಗಿನಲ್ಲಿ ಎದ್ದು ನಿಂತು ತಂದೆಗಾಗಿ ಕದ್ದಿಷ್ ಹೇಳಿದವಳು ತಮ್ಮ ತಂಗಿ, ಮತ್ತು ಅವಳ ಅರಾಮಿಕ್ ಉಚ್ಚಾರ ತಮ್ಮದಕ್ಕಿಂತ ಚೆನ್ನಾಗಿದೆ ಎಂದರು.