ಬುಷ್‌ನೊಳಗೆ ಸೆಟೆದು ಕೂತ ಬೋಲ್ಟ್

ನಟ್ ಸಲೀಸಾಗಿ ಬಿಚ್ಚಿ ಕೈಗೆ ಬಂದ ಮೇಲೂ ಬೋಲ್ಟ್ ಮಾತ್ರ ಇದ್ದಲ್ಲಿಂದ ಕೂದಲೆಳೆಯಷ್ಟೂ ಅಲುಗದೆ ಕೂತಿರುವುದನ್ನು ಕಾರಿನಡಿ ಮಲಗಿ ನೋಡಿದವರಿಗೇ ಈ ಸಿಟ್ಟು ಅರ್ಥವಾದೀತು. ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮ್‌ನ (ಕೆಳತೋಳಿನ) ರಬ್ಬರ್ ಬುಷ್, ಅಂದರೆ ಅದರ ಕೀಲಿನಲ್ಲಿರುವ ಮೆತ್ತೆ, ಹರಿದು, ರಸ್ತೆಯ ಪ್ರತಿ ಗುಂಡಿಗೂ ಮುಂದಿನ ಚಕ್ರದ ಕಡೆಯಿಂದ ಟಕಟಕ ಸದ್ದು ಬರುತ್ತಿತ್ತು. ಚಕ್ರ ಕಳಚಿ, ಬೋಲ್ಟ್ ತೆಗೆದು, ಆರ್ಮ್ ಬದಲಿಸಿದರೆ ಮುಗಿಯುವ ಕೆಲಸ ಅದು. ನಡುವಿನ ಆ ಒಂದು ಬೋಲ್ಟ್ ನನ್ನ ರಜೆಯ ದಿನವನ್ನೂ ತೋಳಿನ ಬಲವನ್ನೂ ತಾಳ್ಮೆಯನ್ನೂ ಒಟ್ಟಿಗೇ ನುಂಗಿಹಾಕಿತು.

ಅದು ಹೀಗೆ ಹಿಡಿದುಕೊಳ್ಳುವುದಕ್ಕೆ ಕಾರಣ ಯಾರಿಗೂ ತಿಳಿಯದ ಸಂಗತಿಯಲ್ಲ. ಬುಷ್‌ನ ರಬ್ಬರಿನ ನಡುವೆ ಉಕ್ಕಿನದೊಂದು ಕೊಳವೆ ಇರುತ್ತದೆ. ಬೋಲ್ಟ್ ಅದರೊಳಗೆ ಹಾದು, ಆರ್ಮನ್ನು ಎರಡೂ ಬದಿಯಿಂದ ಹಿಡಿದಿರುವ ಬ್ರಾಕೆಟ್‌ನ ಎರಡು ಕಿವಿಗಳನ್ನು ಬಿಗಿಯುತ್ತದೆ. ಬೋಲ್ಟಿಗೂ ಕೊಳವೆಗೂ ನಡುವಿನ ಸಣ್ಣ ಸಂದಿಗೆ ರಸ್ತೆಯ ನೀರು ನುಸುಳುತ್ತದೆ, ನುಸುಳಿದ್ದು ಬೇಗ ಒಣಗುವುದಿಲ್ಲ. ಕಬ್ಬಿಣ ತುಕ್ಕಾದಾಗ ಅದಕ್ಕೆ ಮೊದಲಿನ 2 ಪಟ್ಟಿಗೂ ಹೆಚ್ಚು ಜಾಗ ಬೇಕಾಗುವುದರಿಂದ, ಆ ಸಂದಿಯಲ್ಲಿ ಹುಟ್ಟಿದ ತುಕ್ಕು ಬೆಣೆಯಂತೆ ಎರಡೂ ಕಡೆ ಒತ್ತಿ ಬೋಲ್ಟನ್ನೂ ಕೊಳವೆಯನ್ನೂ ಒಂದೇ ತುಂಡಾಗಿಸುತ್ತದೆ. ಆಮೇಲೆ ಬೋಲ್ಟಿನ ತಲೆ ತಿರುಗಿಸಿದರೆ ಕೊಳವೆಯೂ ಜೊತೆಗೇ ತಿರುಗುತ್ತದೆ, ರಬ್ಬರ್ ಹಿಂಡಿಕೊಳ್ಳುತ್ತದೆ, ಕೈ ಬಿಟ್ಟೊಡನೆ ಎಲ್ಲವೂ ಮೊದಲಿದ್ದಲ್ಲಿಗೇ ಮರಳುತ್ತದೆ. ಸುತ್ತಿಗೆಯಿಂದ ಹೊಡೆದರೆ ಪೆಟ್ಟಿನ ಬಹುಪಾಲನ್ನು ಅದೇ ರಬ್ಬರ್ ಕುಡಿದುಬಿಡುತ್ತದೆ. ಇನ್ನೂ ಜೋರಾಗಿ ಹೊಡೆದರೆ ಬೋಲ್ಟಿನ ತುದಿ ಅಣಬೆಯಾಗಿ ಅರಳಿ, ಅದು ಹೊರಬರಬೇಕಾದ ತೂತಿನಲ್ಲೇ ಸಿಕ್ಕಿಕೊಳ್ಳುತ್ತದೆ.

‘ರಾತ್ರಿಯಿಡೀ ಪೆನೆಟ್ರೇಟಿಂಗ್ ಆಯಿಲ್ ಹಾಕಿಡು, ಬೆಳಿಗ್ಗೆ ತಾನೇ ಬರುತ್ತದೆ’ ಎಂದು ಹೇಳುವವರು ಈ ಬೋಲ್ಟಿನ ಮುಂದೆ ಒಮ್ಮೆಯಾದರೂ ಕೂತಿದ್ದಾರೆಯೇ ಎಂದು ನಾನು ನಿಜವಾಗಿಯೂ ಕೇಳುತ್ತೇನೆ. ಸಂದಿಗೆ ಇಳಿದು ತುಕ್ಕು ಸಡಿಲಿಸುವ ಆ ತೆಳು ಎಣ್ಣೆ ನಟ್‌ನ ಥ್ರೆಡ್ಡಿಗೆ (ತಿರುಪಿನ ಸುತ್ತುಗಳಿಗೆ) ಒಳ್ಳೆಯದೇ. ಆದರೆ ತುಕ್ಕು ಇರುವುದು ಬ್ರಾಕೆಟ್‌ನ ಕಿವಿಗಳು ಎರಡೂ ಬದಿಯಿಂದ ಅದುಮಿ ಮುಚ್ಚಿದ ಕೊಳವೆಯ ಉದ್ದಕ್ಕೂ. ನೀರು ನುಸುಳಿದ ಸಂದಿಯನ್ನು ತುಕ್ಕೇ ತುಂಬಿದ ಮೇಲೆ ಅಲ್ಲಿಗೆ ಎಣ್ಣೆ ಇಳಿಯುವುದು ತೀರಾ ಕಷ್ಟ. ಬಿಸಿ ಮಾಡು ಎನ್ನುವುದು ಇನ್ನೊಂದು ಸಲಹೆ. 12 ಮಿಲಿಮೀಟರ್ ದಪ್ಪದ ಉಕ್ಕಿನ ಬೋಲ್ಟಿನ ಉಷ್ಣತೆಯನ್ನು 300 ಡಿಗ್ರಿ ಏರಿಸಿದರೂ ಅದು ಅಡ್ಡಕ್ಕೆ ಹಿಗ್ಗುವುದು ಸುಮಾರು 0.04 ಮಿಲಿಮೀಟರ್ ಮಾತ್ರ. ತುಕ್ಕಿನ ಪದರ ಬಿರಿಯಲು ಅಷ್ಟು ಸಾಕೆಂದೇ ಇಟ್ಟುಕೊಳ್ಳೋಣ, ಆದರೆ ಅಷ್ಟು ಕಾವು ಕೊಳವೆಗೆ ತಲುಪುವ ಹೊತ್ತಿಗೆ ಸುತ್ತಲಿನ ರಬ್ಬರ್ ಹೊತ್ತಿ ಹೊಗೆ ಕಕ್ಕುತ್ತಿರುತ್ತದೆ. ಪಕ್ಕದಲ್ಲೇ ಬ್ರೇಕ್ ಹೋಸ್, ಬಾಲ್ ಜಾಯಿಂಟಿನ ರಬ್ಬರ್ ಕವಚ, ಒತ್ತಡದ ಗ್ಯಾಸ್ ತುಂಬಿದ ಷಾಕ್ ಅಬ್ಸಾರ್ಬರ್ ಇರುತ್ತವೆ. ಮೊದಲೇ ಸುರಿದ ಎಣ್ಣೆಯೂ ಅಲ್ಲೇ ಇದೆ. ಅಂಥ ಕಡೆ ಬೆಂಕಿ ಹಿಡಿ ಎಂದು ಮನೆಯಲ್ಲಿ ಕೆಲಸ ಮಾಡುವವನಿಗೆ ಹೇಳುವುದು ಬೇಜವಾಬ್ದಾರಿ.

ಕೊನೆಗೆ ಉಳಿಯುವುದು ಕೊಯ್ಯುವ ದಾರಿ. ಬುಷ್‌ನ ಅಂಚಿಗೂ ಬ್ರಾಕೆಟ್‌ಗೂ ನಡುವೆ ಹಿಂದೆ ಮುಂದೆ ಓಡುವ ರೆಸಿಪ್ರೊಕೇಟಿಂಗ್ ಗರಗಸದ ಅಲಗು ತೂರಿಸಿ, ಕೊಳವೆ ಮತ್ತು ಬೋಲ್ಟ್ ಎರಡನ್ನೂ ಒಂದು ಬದಿಯಲ್ಲಿ ಕೊಯ್ದು, ಮತ್ತೆ ಇನ್ನೊಂದು ಬದಿಯಲ್ಲಿ ಕೊಯ್ಯಬೇಕು. ಇಂಥ ಬೋಲ್ಟಿನ ತಲೆಯ ಮೇಲೆ ಸಾಮಾನ್ಯವಾಗಿ 10.9 ಎಂಬ ಗುರುತಿರುತ್ತದೆ. ಹಾಗೆಂದರೆ ಅದರ ಕರ್ಷಣ ಸಾಮರ್ಥ್ಯ (ತುಂಡಾಗುವ ಮುನ್ನ ತಾಳುವ ಎಳೆತ) ಸುಮಾರು 1000 ಮೆಗಾಪ್ಯಾಸ್ಕಲ್. ಸಾಧಾರಣ ಅಲಗಿನ ಹಲ್ಲುಗಳು ಆ ಉಕ್ಕಿನ ಮೇಲೆ ನಿಮಿಷಗಳಲ್ಲೇ ನುಣ್ಣಗಾಗುತ್ತವೆ, ಕಾರ್ಬೈಡ್ ಹಲ್ಲಿನದೇ ಬೇಕು. ಜಾಕ್ ಸ್ಟ್ಯಾಂಡಿನ ಮೇಲೆ ನಿಂತ ಕಾರಿನ ಕೆಳಗೆ, ಕಿಡಿ ಮತ್ತು ತುಕ್ಕಿನ ಪುಡಿ ಮುಖಕ್ಕೆ ಉದುರುತ್ತಿರುವಾಗ, ತೋಳು ನಡುಗುತ್ತಾ ಇದನ್ನು ಮಾಡಬೇಕು. ಅದಕ್ಕೂ ಮೊದಲು ಬೋಲ್ಟ್ ತಿರುಗಿಸುವ ಉದ್ದನೆಯ ಹಿಡಿಯಾದ ಬ್ರೇಕರ್ ಬಾರ್ ಹಿಡಿದು ಜೋತು ಬಿದ್ದಾಗಲೆಲ್ಲ ಕಾರು ತುಯ್ದಾಡುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಾರಿನ ಕೈಪಿಡಿಯಲ್ಲಿ ಈ ಇಡೀ ಸಂಕಟಕ್ಕೆ ಸಿಕ್ಕಿರುವ ಜಾಗ ‘ಬೋಲ್ಟನ್ನು ತೆಗೆಯಿರಿ’ ಎಂಬ ಎರಡು ಪದ ಮಾತ್ರ. ಬರದಿದ್ದರೆ ಏನು, ಎಲ್ಲಿ ಕೊಯ್ಯಬಹುದು, ಯಾವುದನ್ನು ಕೊಯ್ಯಬಾರದು ಎಂಬ ಸುಳಿವೂ ಇಲ್ಲ.

ನನ್ನ ಸಿಟ್ಟಿನ ಬೇರು ಇನ್ನೂ ಹಿಂದಕ್ಕೆ, ವಿನ್ಯಾಸದ ಮೇಜಿನವರೆಗೂ ಹೋಗುತ್ತದೆ. ಬುಷ್ ಸವೆಯುವ ಭಾಗವೆಂದು, ಕಾರಿನ ಆಯುಷ್ಯದಲ್ಲಿ ಒಮ್ಮೆಯಾದರೂ ಅದನ್ನು ಬದಲಿಸಲೇಬೇಕಾದೀತೆಂದು ತಯಾರಿಸುವವರಿಗೆ ಚೆನ್ನಾಗಿ ಗೊತ್ತು. ಹಾಗಿದ್ದೂ ಅದರ ನಡುವಿನ ಬೋಲ್ಟನ್ನು ಒಣಗಿದ ಕೊಳವೆಗೆ ಒಣಗಿದಂತೆಯೇ ತೂರಿಸಿ ಕಳಿಸುತ್ತಾರೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಟಾರ್ಕ್ (ತಿರುಗಿಸುವ ಬಲದ) ಲೆಕ್ಕ ತಪ್ಪುತ್ತದೆ ಎಂಬ ಉತ್ತರ ನನಗೆ ಗೊತ್ತಿದೆ, ಅದು ಸರಿಯೂ ಹೌದು: ಬಿಗಿಯುವ ಟಾರ್ಕಿನ ಸುಮಾರು 90 ಪ್ರತಿಶತ ತಲೆಯ ಅಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೇ ಖರ್ಚಾಗುವುದರಿಂದ, ಆ ಘರ್ಷಣೆ ಇಳಿದರೆ ಅದೇ ಟಾರ್ಕಿನಲ್ಲಿ ಬೋಲ್ಟ್ ಮಿತಿಮೀರಿ ಸೆಳೆದುಕೊಳ್ಳುತ್ತದೆ. ಆದರೆ ನಾನು ಕೇಳುತ್ತಿರುವುದು ಥ್ರೆಡ್ಡಿಗಲ್ಲ. ಕೊಳವೆಯೊಳಗೆ ಅವಿತಿರುವ ನಯವಾದ ಕಾಂಡ ಬಿಗಿತದ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ನೀರು ತಡೆಯುವ ಗ್ರೀಸಿನ ತೆಳುವಾದ ಲೇಪವಿದ್ದರೆ ಟಾರ್ಕ್ ಕೆಡದು, ತುಕ್ಕೂ ಹಿಡಿಯದು. ಹೊಸ ಬೋಲ್ಟಿಗೆ ನಾನು ಮಾಡಿದ್ದೂ ಅಷ್ಟನ್ನೇ: ಕಾಂಡಕ್ಕೆ ಮಾತ್ರ ಗ್ರೀಸ್ ಸವರಿ, ಥ್ರೆಡ್ ಮತ್ತು ಕೊಳವೆಯ ತುದಿಗಳನ್ನು ಒರೆಸಿ ಒಣಗಿಸಿ, ಬುಷ್ ತಿರುಚಿಕೊಳ್ಳದಂತೆ ಕಾರಿನ ಭಾರ ಚಕ್ರದ ಮೇಲಿರುವಾಗ ಕೊನೆಯ ಬಿಗಿತ ಕೊಟ್ಟೆ. ಒಂದು ನಿಮಿಷವೂ ಹಿಡಿಯದ ಈ ಲೇಪವನ್ನು ಕಾರ್ಖಾನೆಯಲ್ಲೇ ಏಕೆ ಹಚ್ಚಿ ಕಳಿಸುವುದಿಲ್ಲ?

ಇನ್ನು ಕೆಲವು ಕಾರುಗಳಲ್ಲಿ ನಟ್ಟನ್ನು ಸಬ್‌ಫ್ರೇಮ್‌ನ (ಆರ್ಮ್‌ಗಳನ್ನು ಹೊತ್ತ ಚೌಕಟ್ಟಿನ) ಪೆಟ್ಟಿಗೆಯೊಳಗೆ ಕೈ ತಲುಪದಂತೆ ಬೆಸುಗೆ ಹಾಕಿರುತ್ತಾರೆ. ತುಕ್ಕು ಹಿಡಿದ ಬೋಲ್ಟಿನ ಜೊತೆ ಆ ಬೆಸುಗೆ ಕಿತ್ತುಬಂದರೆ ನಟ್ ಒಳಗೇ ಸುಮ್ಮನೆ ಸುತ್ತತೊಡಗುತ್ತದೆ. ಅದನ್ನು ಹಿಡಿಯಲು ಸಬ್‌ಫ್ರೇಮ್‌ಗೇ ಕಿಟಕಿ ಕೊರೆಯಬೇಕಾಗುತ್ತದೆ. ಅಂಥದ್ದನ್ನು ರೂಪಿಸಿದವರು ತಾವೇ ಹಳೆಯ ಕಾರೊಂದರ ಕೆಳಗೆ ಮಲಗಿ ಅದನ್ನು ಬಿಚ್ಚಿ ತೋರಿಸಲಿ, ಆಮೇಲೆ ಆ ನಕ್ಷೆಗೆ ಸಹಿ ಹಾಕಲಿ.