ಮೊದಲು ಬ್ಯಾಕಪ್ ಇದೆಯಾ ಅಂತ ಕೇಳಿ

ಇವತ್ತು ಸಂಜೆ ಆದದ್ದನ್ನು ಬರೆಯದೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ಉದ್ದ ಇದೆ, ಆದರೂ ದಯವಿಟ್ಟು ಓದಿ.

ಪಕ್ಕದ ಮನೆಯ ಅಮ್ಮ ಫೋನು ಹಿಡಿದುಕೊಂಡು ಬಂದರು. ಮುಖದ ತುಂಬ ಖುಷಿ. "ರಿಪೇರಿ ಆಯ್ತು ನೋಡಮ್ಮ, ಈಗ ಎಲ್ಲ ಬೇಗ ಬೇಗ ತೆರೆಯುತ್ತೆ. ಆದ್ರೆ ಫೋಟೋಗಳು ಎಲ್ಲೋ ಬೇರೆ ಕಡೆ ಹೋಗಿ ಕೂತಿವೆ. ಸ್ವಲ್ಪ ಹುಡುಕಿಕೊಡು" ಅಂದರು. ಫೋನು ಕೈಗೆ ತೆಗೆದುಕೊಂಡೆ. ಆಗಷ್ಟೇ ಡಬ್ಬದಿಂದ ತೆಗೆದ ಹಾಗಿತ್ತು. ಗ್ಯಾಲರಿ ಖಾಲಿ. ವಾಟ್ಸ್‌ಆ್ಯಪ್ ಇಲ್ಲವೇ ಇಲ್ಲ. ಮೊಮ್ಮಗ ಹುಟ್ಟಿದ ದಿನದಿಂದ ಹಿಡಿದು ಐದು ವರ್ಷದ ಫೋಟೋಗಳು ಅದರಲ್ಲಿದ್ದವು. "ಎಲ್ಲೂ ಹೋಗಿ ಕೂತಿಲ್ಲಮ್ಮ, ಅಳಿಸಿ ಹೋಗಿವೆ" ಅಂತ ಹೇಳೋದಕ್ಕೆ ನನಗೆ ಹತ್ತು ನಿಮಿಷ ಬೇಕಾಯಿತು. ಮೊದಲ ಸಲ ಹೇಳಿದಾಗ ಅವರಿಗೆ ಅರ್ಥ ಆಗಲಿಲ್ಲ. ಎರಡನೇ ಸಲ ಹೇಳಬೇಕಾಯಿತು. ಆ ಎರಡನೇ ಸಲ ಇದೆಯಲ್ಲ, ಅದನ್ನು ನಾನು ಮರೆಯಲಾರೆ.

ಆಗಿದ್ದು ಇಷ್ಟೇ. ಫೋನು ನಿಧಾನ ಆಗಿತ್ತು. ಸ್ಟೋರೇಜ್ ತುಂಬಿದೆ ಅಂತ ಪದೇ ಪದೇ ತೋರಿಸುತ್ತಿತ್ತು. ರಿಪೇರಿಗೆ ಕೊಟ್ಟರು. ಅಲ್ಲಿಯವರು ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸ ಫೋನಿನ ಹಾಗೆ ಮಾಡಿ, ವಾಪಸ್ ಕೊಟ್ಟರು. "ರೀಸೆಟ್ ಮಾಡ್ತೀವಿ, ಸರಿನಾ?" ಅಂತ ಕೇಳಿದ್ದರಂತೆ. ಇವರು "ಸರಿ" ಅಂದರಂತೆ. ಆ ಪದದ ಅರ್ಥ ಅವರಿಗೆ ಗೊತ್ತಿಲ್ಲ. ಗಡಿಯಾರ ಸರಿ ಮಾಡಿದ ಹಾಗೆ ಏನೋ ಸರಿ ಮಾಡುತ್ತಾರೆ ಅಂದುಕೊಂಡಿದ್ದರು.

ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ ಆಯಿತು. ಅದೂ ಮೂಗಿನ ಒಡತಿಗೆ ಹೇಳದೆ.

ನೆಂಟರಿಷ್ಟರ ಫೋನು, ಲ್ಯಾಪ್‌ಟಾಪ್, ರೂಟರ್ ಎಲ್ಲ ನನ್ನ ಮೇಜಿನ ಮೇಲೇ ಬಂದು ಬೀಳುತ್ತವೆ ಅಂತ ನಿಮಗೆ ಗೊತ್ತೇ ಇದೆ. ಇಷ್ಟು ವರ್ಷ ನೋಡಿದ ಮೇಲೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ಫೋನು ನಿಧಾನ ಆಗುವುದಕ್ಕೆ, ಬಿಸಿ ಆಗುವುದಕ್ಕೆ, ಆ್ಯಪ್ ತಾನಾಗೇ ಮುಚ್ಚಿಕೊಳ್ಳುವುದಕ್ಕೆ ರೀಸೆಟ್ ಕೊನೆಯ ಮದ್ದು. ಆದರೆ ಎಲ್ಲ ಕಡೆ ಅದನ್ನೇ ಮೊದಲ ಮದ್ದಾಗಿ ಕೊಡುತ್ತಿದ್ದಾರೆ. ವಿಡಿಯೋಗಳಲ್ಲಿ ಅದೇ ಸಲಹೆ. ಕಮೆಂಟಿನಲ್ಲಿ ಅದೇ ಸಲಹೆ. ಕಸ್ಟಮರ್ ಕೇರ್‌ಗೆ ಕರೆ ಮಾಡಿದರೂ ಅದೇ. ಬ್ಯಾಕಪ್, ಅಂದರೆ ಬೇರೆ ಕಡೆ ಇಟ್ಟ ನಕಲು, ಇದೆಯಾ ಅಂತ ಕೇಳುವವರು ಮಾತ್ರ ಕಡಿಮೆ.

ಆ ಅಮ್ಮನ ಫೋನಿಗೆ ಬೇಕಾಗಿದ್ದು ಏನು ಗೊತ್ತಾ? ಅರ್ಧ ಗಂಟೆಯ ಕೆಲಸ. ಫೋಟೋ, ಆ್ಯಪ್ ಎಲ್ಲ ಉಳಿಯುವ ಫೋನಿನ ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ಹೊಸದನ್ನು ನೇರವಾಗಿ ಬರೆಯಲು ಆಗುವುದಿಲ್ಲ. ಮೊದಲು ಒಂದು ಬ್ಲಾಕ್ ಪೂರ್ತಿ ಅಳಿಸಬೇಕು, ಆಮೇಲೆ ಬರೆಯಬೇಕು. ಖಾಲಿ ಜಾಗ ಇದ್ದರೆ ಈ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಜಾಗ ಮುಗಿಯುತ್ತಾ ಬಂದರೆ ಫೋನು ಇದ್ದದ್ದನ್ನೇ ಅತ್ತಿಂದಿತ್ತ ಸರಿಸುತ್ತಾ ಒದ್ದಾಡುತ್ತದೆ. ನಮಗೆ ಅದು ಹ್ಯಾಂಗ್ ಆದ ಹಾಗೆ ಕಾಣುತ್ತದೆ. ಅಂದರೆ ಫೋನು ಕೆಟ್ಟಿಲ್ಲ, ಅದಕ್ಕೆ ಜಾಗ ಬೇಕು, ಅಷ್ಟೇ.

ಜಾಗ ಎಲ್ಲಿ ಸಿಗುತ್ತೆ? ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಟೋರೇಜ್ ಆ್ಯಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್ ತೆರೆಯಿರಿ. ದೊಡ್ಡ ಫೈಲುಗಳನ್ನು ಅದೇ ಎತ್ತಿ ತೋರಿಸುತ್ತದೆ. ಯಾರೋ ಕಳಿಸಿದ ಒಂದೇ ವಿಡಿಯೋ ನಾಲ್ಕು ಗುಂಪಿನಿಂದ ನಾಲ್ಕು ಸಲ ಬಂದು ಕೂತಿರುತ್ತದೆ. ಆಮೇಲೆ ಫೋಟೋಗಳ ಟ್ರ್ಯಾಶ್ ನೋಡಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋ ಅಳಿಸಿದರೂ 60 ದಿನ ಟ್ರ್ಯಾಶ್‌ನಲ್ಲೇ ಇರುತ್ತದೆ. ಐಫೋನಿನಲ್ಲೂ ಅಳಿಸಿದ ಫೋಟೋ ತಕ್ಷಣ ಹೋಗುವುದಿಲ್ಲ, ಸುಮಾರು 30 ದಿನ 'ರೀಸೆಂಟ್ಲಿ ಡಿಲೀಟೆಡ್' ಒಳಗೆ ಕೂತಿರುತ್ತದೆ. ಎಷ್ಟೋ ಜನ "ಅಳಿಸಿದೆ, ಆದರೂ ಜಾಗ ಆಗಲಿಲ್ಲ" ಅಂತ ಕಂಗಾಲಾಗುವುದು ಇದಕ್ಕೇ. ಆ್ಯಪ್‌ಗಳ ಕ್ಯಾಶ್, ಅಂದರೆ ಅವು ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲು, ಅಳಿಸಬಹುದು, ಅದರಿಂದ ತೊಂದರೆ ಇಲ್ಲ. ಆದರೆ ಅದರ ಪಕ್ಕದಲ್ಲೇ 'ಕ್ಲಿಯರ್ ಡೇಟಾ' ಅಂತ ಇನ್ನೊಂದು ಬಟನ್ ಇರುತ್ತದೆ. ಕೆಲವು ಫೋನಿನಲ್ಲಿ ಅದರ ಹೆಸರು 'ಕ್ಲಿಯರ್ ಸ್ಟೋರೇಜ್'. ಅದನ್ನು ಒತ್ತಬೇಡಿ. ಅದು ಆ ಆ್ಯಪ್ ಒಳಗಿರುವುದನ್ನೆಲ್ಲ ತೆಗೆದುಬಿಡುತ್ತದೆ.

ನನಗೆ ಇನ್ನೂ ಸಿಟ್ಟು ಬರುವುದು ರೀಸೆಟ್ ಎನ್ನುವ ಪದದ ಮೇಲೆ. ಒಂದೇ ಪದ, ಹತ್ತಾರು ಅರ್ಥ. ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿದರೆ ವೈಫೈ ಪಾಸ್‌ವರ್ಡು, ಬ್ಲೂಟೂತ್ ಜೋಡಣೆ ಹೋಗುತ್ತವೆ, ಫೋಟೋ ಹಾಗೇ ಇರುತ್ತವೆ. ಐಫೋನಿನಲ್ಲಿ 'ರೀಸೆಟ್ ಆಲ್ ಸೆಟ್ಟಿಂಗ್ಸ್' ಒತ್ತಿದರೂ ಫೋಟೋ, ಮೆಸೇಜ್ ಉಳಿಯುತ್ತವೆ. ಆದರೆ 'ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್' ಒತ್ತಿದರೆ ಎಲ್ಲ ಹೋಗುತ್ತದೆ. ಇವೆಲ್ಲ ಅಕ್ಕಪಕ್ಕದಲ್ಲೇ ಇರುತ್ತವೆ! ಬರೀ "ರೀಸೆಟ್ ಮಾಡಿ" ಅಂತ ಫೋನಿನಲ್ಲಿ ಹೇಳಿ ಇಟ್ಟುಬಿಟ್ಟರೆ ಆ ಕಡೆ ಇರುವವರು ಯಾವುದನ್ನು ಒತ್ತಬೇಕು? ನೀವೇ ಹೇಳಿ.

"ಅಳಿಸಿದ್ದನ್ನು ವಾಪಸ್ ತರುವ ಸಾಫ್ಟ್‌ವೇರ್ ಇದೆಯಲ್ಲ" ಅಂತ ಕೇಳುವವರು ಇದ್ದಾರೆ. ಆ ಅಮ್ಮನೂ ಅದನ್ನೇ ಕೇಳಿದರು. ಹಿಂದೆ ಮೆಮೊರಿ ಕಾರ್ಡಿನಿಂದ ನಾನೇ ಎಷ್ಟೋ ಫೋಟೋ ವಾಪಸ್ ತೆಗೆದುಕೊಟ್ಟಿದ್ದೇನೆ. ಫೋನಿನ ಒಳಗಿನ ಮೆಮೊರಿಯ ಕಥೆ ಬೇರೆ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಒಂದೊಂದು ಫೈಲನ್ನೂ ಬೇರೆ ಬೇರೆ ಕೀಲಿಯಿಂದ ಬೀಗ ಹಾಕುವ ಎನ್‌ಕ್ರಿಪ್ಷನ್ ಬಂತು. 2019ರ ಆಂಡ್ರಾಯ್ಡ್ 10ರ ಜೊತೆ ಹೊರಬಂದ ಫೋನುಗಳಿಗೆ ಎನ್‌ಕ್ರಿಪ್ಷನ್ ಕಡ್ಡಾಯ ಆಯಿತು. ಐಫೋನಿನಲ್ಲೂ ಹಾಗೇ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಫೋನು ಆ ಕೀಲಿಯನ್ನೇ ನಾಶ ಮಾಡುತ್ತದೆ. ಆಮೇಲೆ ಫೋಟೋದ ತುಣುಕು ಒಳಗೆ ಉಳಿದಿದ್ದರೂ ಅದನ್ನು ಓದಲು ಯಾರಿಂದಲೂ ಆಗುವುದಿಲ್ಲ. ಕಳ್ಳರಿಂದ ಕಾಪಾಡೋದಕ್ಕೆ ಇದು ಒಳ್ಳೆಯದೇ. ಆದರೆ ಆ ಬೀಗ ಅಜ್ಜಿಯನ್ನೂ ಹೊರಗೇ ನಿಲ್ಲಿಸುತ್ತದೆ. ಹಾಗಾಗಿ ರೀಸೆಟ್ ಆದ ಫೋನಿನಿಂದ ಫೋಟೋ ವಾಪಸ್ ತಂದುಕೊಡುತ್ತೇವೆ ಅಂತ ಹಣ ಕೇಳುವ ಸಾಫ್ಟ್‌ವೇರುಗಳನ್ನು ದಯವಿಟ್ಟು ನಂಬಬೇಡಿ.

ಇನ್ನೊಂದು ವಿಷಯ ನೆನಪಾಗುತ್ತಿದೆ. 2021ರ ಮಾರ್ಚಿನಲ್ಲಿ ಒಂದು ದಿನ ಜಗತ್ತಿನಾದ್ಯಂತ ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಸೇರಿದಂತೆ ಎಷ್ಟೋ ಆ್ಯಪ್‌ಗಳು ತೆರೆದ ತಕ್ಷಣ ಮುಚ್ಚಿಕೊಳ್ಳತೊಡಗಿದವು. ಆವತ್ತು ನನ್ನ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು, "ರೀಸೆಟ್ ಮಾಡಲಾ?" ಅಂತ ಕೇಳುವವರೇ ಎಲ್ಲ. ತಪ್ಪು ಇದ್ದದ್ದು ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಅನ್ನುವ ಒಂದು ಸಣ್ಣ ಭಾಗದಲ್ಲಿ. ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವುದು ಅದರ ಕೆಲಸ. ಗೂಗಲ್ ಸರಿಪಡಿಸಿದ ಆವೃತ್ತಿ ಬಿಟ್ಟಿತು. ಪ್ಲೇ ಸ್ಟೋರ್‌ಗೆ ಹೋಗಿ ವೆಬ್‌ವ್ಯೂ ಮತ್ತು ಕ್ರೋಮ್ ಅಪ್‌ಡೇಟ್ ಮಾಡಿದರೆ ಮುಗಿಯಿತು. ಒಂದು ದಿನ ತಾಳ್ಮೆಯಿಂದ ಕಾದವರ ಫೋಟೋ ಉಳಿದವು. ನಿಮ್ಮ ಫೋನಿನಲ್ಲಿ ಇದ್ದಕ್ಕಿದ್ದ ಹಾಗೆ ಏನೋ ಕೆಟ್ಟರೆ, ಬೇರೆಯವರಿಗೂ ಹಾಗೇ ಆಗಿದೆಯಾ ಅಂತ ಒಮ್ಮೆ ವಿಚಾರಿಸಿ. ಆಗಿದ್ದರೆ ಸುಮ್ನೆ ಕಾಯಿರಿ.

ಬೇರೆಯವರಿಗೆ ಆಗಿಲ್ಲವಾ? ಸೇಫ್ ಮೋಡ್‌ನಲ್ಲಿ ನೋಡಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಆಫ್ ಅಂತ ತೋರಿಸುತ್ತದಲ್ಲ, ಅದನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಬೇಕಾ ಅಂತ ಕೇಳುತ್ತದೆ. ಅಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಯಾವುವೂ ಓಡುವುದಿಲ್ಲ. ಅಲ್ಲಿ ಫೋನು ಚೆನ್ನಾಗಿದ್ದರೆ ತಪ್ಪು ಯಾವುದೋ ಆ್ಯಪ್‌ನದು. ಇತ್ತೀಚೆಗೆ ಹಾಕಿದವುಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಚಾರ್ಜ್ ಆಗುತ್ತಿಲ್ಲ ಅನ್ನೋದಕ್ಕೂ ರೀಸೆಟ್ ಹೇಳುವವರನ್ನು ನಾನು ಕಂಡಿದ್ದೇನೆ! ಜೇಬಿನ ನೂಲು, ಧೂಳು ಪೋರ್ಟಿನೊಳಗೆ ಗಟ್ಟಿಯಾಗಿ ಕೂತಿದ್ದರೆ ಯಾವ ರೀಸೆಟ್ ಏನು ಮಾಡೀತು? ಫೋನು ಆಫ್ ಮಾಡಿ, ಮರದ ತೆಳು ಕಡ್ಡಿಯಿಂದ ಮೆಲ್ಲಗೆ ತೆಗೆಯಬೇಕು. ಬ್ಯಾಟರಿ ಸವೆದಿದ್ದರೂ ಅಷ್ಟೇ. ಅದು ಒಳಗೆ ನಡೆಯುವ ರಾಸಾಯನಿಕ ಬದಲಾವಣೆ, ಬ್ಯಾಟರಿ ಬದಲಿಸಿದರೆ ಮಾತ್ರ ಸರಿಹೋಗುತ್ತದೆ.

ಈಗ ಕೆಲವರು ಹೇಳುತ್ತಾರೆ, ರಿಪೇರಿ ಮಾಡುವವರ ಮುಂದೆ ದಿನಕ್ಕೆ ಎಷ್ಟೋ ಫೋನು ಸಾಲಾಗಿ ಬರುತ್ತವೆ, ಒಂದೊಂದಕ್ಕೂ ಅರ್ಧ ಗಂಟೆ ಕೂರಲು ಆಗುತ್ತಾ, ಬ್ಯಾಕಪ್ ಮಾಡಿಕೊಳ್ಳುವುದು ಫೋನು ಇಟ್ಟುಕೊಂಡವರ ಜವಾಬ್ದಾರಿ ಅಲ್ವಾ ಅಂತ. ಅವರ ಕೆಲಸ ಕಷ್ಟದ್ದು, ಒಪ್ಪುತ್ತೇನೆ. ರೀಸೆಟ್‌ನಿಂದ ಎಷ್ಟೋ ಸಲ ಫೋನು ಸರಿಹೋಗುತ್ತದೆ, ಅದೂ ನಿಜ. ಆದರೆ ನಾನು ಕೇಳುತ್ತಿರುವುದು ಅರ್ಧ ಗಂಟೆಯನ್ನಲ್ಲ. ಒಂದು ವಾಕ್ಯ. "ಫೋಟೋ ಎಲ್ಲ ಅಳಿಸಿಹೋಗುತ್ತವೆ, ಬೇರೆ ಕಡೆ ಇಟ್ಟಿದ್ದೀರಾ?" ಇದನ್ನು ಹೇಳಲು ಮೂರು ಸೆಕೆಂಡು ಸಾಕು. ಆ ಮೂರು ಸೆಕೆಂಡು ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜವಾಬ್ದಾರಿ ಅನ್ನುವವರಿಗೆ ಇನ್ನೊಂದು ಮಾತು. ಏನು ಹೋಗುತ್ತದೆ ಅಂತ ತಿಳಿದವರು ಹೇಳದೇ ಇದ್ದರೆ ತಿಳಿಯದವರು ಜವಾಬ್ದಾರಿ ಹೊರುವುದು ಹೇಗೆ?

ಫೋನಿನ ಒಳಗೆ ನೋಡುವುದಕ್ಕೆ, ಪರೀಕ್ಷೆ ಮಾಡುವುದಕ್ಕೆ ಎಲ್ಲ ಅಳಿಸಲೇಬೇಕು ಅನ್ನುವುದೂ ಈಗ ನಿಜವಲ್ಲ. ಸ್ಯಾಮ್‌ಸಂಗ್ 2022ರಲ್ಲಿ ಮೇಂಟೆನೆನ್ಸ್ ಮೋಡ್ ತಂದಿತು. ಗೂಗಲ್ ಪಿಕ್ಸೆಲ್ ಫೋನುಗಳಿಗೆ 2023ರ ಡಿಸೆಂಬರಿನಲ್ಲಿ ರಿಪೇರ್ ಮೋಡ್ ಬಂತು. ಅದನ್ನು ಆನ್ ಮಾಡಿ ಕೊಟ್ಟರೆ ರಿಪೇರಿಯವರು ಕ್ಯಾಮೆರಾ, ಸ್ಪೀಕರ್, ಪರದೆ ಎಲ್ಲ ಪರೀಕ್ಷೆ ಮಾಡಬಹುದು. ನಿಮ್ಮ ಫೋಟೋ, ಮೆಸೇಜು ಅವರಿಗೆ ಕಾಣುವುದಿಲ್ಲ, ಅಳಿಸುವ ಅಗತ್ಯವೂ ಇಲ್ಲ. ಆಫ್ ಮಾಡಲು ನಿಮ್ಮ ಲಾಕ್ ಬೇಕು. ಇಂಥದ್ದೊಂದು ಇದೆ ಅಂತ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು?

"ನಮ್ಮದು ಬ್ಯಾಕಪ್ ಆಗುತ್ತೆ ಬಿಡಿ" ಅನ್ನುವವರು ಈಗಲೇ ಒಮ್ಮೆ ತೆರೆದು ನೋಡಿ. ಗೂಗಲ್ ಫೋಟೋಸ್ ಸಾಮಾನ್ಯವಾಗಿ ಕ್ಯಾಮೆರಾದಲ್ಲಿ ತೆಗೆದದ್ದನ್ನು ಮಾತ್ರ ಇಂಟರ್‌ನೆಟ್ಟಿನಲ್ಲಿರುವ ನಿಮ್ಮ ಗೂಗಲ್ ಖಾತೆಗೆ ಕಳಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋಗಳ ಫೋಲ್ಡರನ್ನು ನೀವೇ ಆರಿಸಬೇಕು. ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದು ಅನ್ನುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಆ ಖಾತೆಯ ಉಚಿತ 15 ಜಿಬಿ ತುಂಬಿದರೆ ಬ್ಯಾಕಪ್ ನಿಂತುಬಿಡುತ್ತದೆ. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಅದೇ 15 ಜಿಬಿಯೊಳಗೆ ಲೆಕ್ಕ. ಐಫೋನಿನವರು ಬ್ಯಾಕಪ್ ಇಡುವ ಐಕ್ಲೌಡ್‌ನಲ್ಲಂತೂ ಉಚಿತ ಜಾಗ 5 ಜಿಬಿ ಮಾತ್ರ. ಆ ಅಮ್ಮನ ಖಾತೆಯನ್ನೂ ತೆರೆದು ನೋಡಿದೆ. ಬ್ಯಾಕಪ್ ಆನ್ ಇತ್ತು. ಜಾಗ ತುಂಬಿ ಎರಡೂವರೆ ವರ್ಷದ ಹಿಂದೆಯೇ ನಿಂತಿತ್ತು. ಅಷ್ಟಾದರೂ ಸಿಕ್ಕಿತು. ಮಗು ನಡೆಯಲು ಕಲಿತದ್ದು ಇದೆ. ಅಲ್ಲಿಂದ ಈಚೆಗಿನದು ಇಲ್ಲ.

ಹೀಗೆ ಕಳೆದುಕೊಂಡವರಿಗೆ ಒಂದು ದಾರಿ ಹೇಳುತ್ತೇನೆ. ನೀವು ಕಳಿಸಿದ ಫೋಟೋ ತಗೊಂಡವರ ಫೋನಿನಲ್ಲಿ ಇನ್ನೂ ಇರಬಹುದು. ಆ ಅಮ್ಮನ ಮಗಳಿಗೆ ಕರೆ ಮಾಡಿದೆವು. ಆಕೆ ಹುಡುಕಿ ಹುಡುಕಿ ಎಪ್ಪತ್ತು ಚಿಲ್ಲರೆ ಫೋಟೋ ಕಳಿಸಿದರು. ಒಂದೊಂದು ಬಂದಾಗಲೂ ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡುತ್ತಿದ್ದರು.

ಇಷ್ಟೆಲ್ಲ ಸಿಟ್ಟು ಯಾಕೆ ಅಂತ ನಿಮಗೆ ಅನ್ನಿಸಬಹುದು. ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಅಣ್ಣನ ಫೋನು ಹೀಗೇ ನಿಧಾನ ಆಗಿತ್ತು. ನನ್ನ ಕೈಗೆ ಕೊಟ್ಟ. ನನಗೆ ಆವತ್ತು ಅವಸರ ಇತ್ತು. ಫೋಟೋ ಎಲ್ಲ ಬ್ಯಾಕಪ್ ಆಗಿದೆ ಅಂತ ನೋಡಿದೆ, ರೀಸೆಟ್ ಮಾಡಿದೆ. ಫೋಟೋ ಎಲ್ಲ ವಾಪಸ್ ಬಂದವು. ಆದರೆ ರೆಕಾರ್ಡರ್ ಆ್ಯಪ್‌ನಲ್ಲಿ ಅವನು ಅಮ್ಮನ ಮಾತು ರೆಕಾರ್ಡ್ ಮಾಡಿ ಇಟ್ಟಿದ್ದ. ಆಸ್ಪತ್ರೆಯಲ್ಲಿದ್ದಾಗ ಅಮ್ಮ ಅವನ ಮಗಳಿಗೆ ಹೇಳಿದ ಕಥೆಗಳು. ಫೋಟೋ ಬ್ಯಾಕಪ್ ಅದನ್ನು ಮುಟ್ಟಿರಲಿಲ್ಲ. ನಾನು ಕೇಳಿರಲಿಲ್ಲ. ಅಮ್ಮ ಹೋದ ಮೇಲೆ ಅವಳ ದನಿ ಉಳಿದಿದ್ದು ಅದೊಂದರಲ್ಲೇ.

ಅಣ್ಣ ಕೇಳಿದಾಗ, ಫೋನಿನ ಮೆಮೊರಿಯೇ ಕೆಟ್ಟಿತ್ತು, ಏನೂ ಮಾಡಲು ಆಗಲಿಲ್ಲ ಅಂದೆ. ಅವನು ನಂಬಿದ. "ಹೋಗಲಿ ಬಿಡು, ನೀನು ಎಷ್ಟು ಒದ್ದಾಡಿದೆಯೋ" ಅಂತ ನನ್ನನ್ನೇ ಸಮಾಧಾನ ಮಾಡಿದ.

ಇವತ್ತು ಆ ಅಮ್ಮನ ಮುಂದೆ ಕೂತಾಗ ರಿಪೇರಿಯವರನ್ನು ಬಾಯಿ ತುಂಬ ಬೈಯಬೇಕು ಅನ್ನಿಸಿತು. ಬೈಯಲು ಹೋದರೆ ಗಂಟಲು ಕಟ್ಟಿತು.

ಅಣ್ಣ, ನೀನು ಇದನ್ನು ಓದುತ್ತೀಯ ಅಂತ ಗೊತ್ತು. ಮೆಮೊರಿ ಕೆಟ್ಟಿರಲಿಲ್ಲ. ಮಲಗಬೇಡ, ಇನ್ನು ಅರ್ಧ ಗಂಟೆಯಲ್ಲಿ ಫೋನ್ ಮಾಡುತ್ತೇನೆ.